ಹನ್ನೊಂದು

ಬೆಳಗಿನ ಐದಕ್ಕೆ ರಾಯಚೂರು ಇನ್ನೂ ಮನುಷ್ಯರ ಊರು.
ಎಂಟು ದಾಟಿತೆಂದರೆ ಕಾದ ಹಂಚು.
ಹಾಗಾಗಿ ನನ್ನ ಕಸರತ್ತೆಲ್ಲ ಕತ್ತಲಲ್ಲೇ,
ಕಿಟಕಿಯ ಸರಳಿಗೆ ಬಿಗಿದ ಸೈಕಲ್ ಟ್ಯೂಬಿನ ಜೊತೆ.

ಟ್ಯೂಬು ಪಂಕ್ಚರ್ ಅಂಗಡಿಯ ಖಾಜಾ ಮೈನುದ್ದೀನನದು.
ಒಂಬತ್ತು ತೇಪೆ. ದುಡ್ಡು ಬೇಡ ಎಂದ.
‘ಗಾಳಿ ನಿಲ್ಲಂಗಿಲ್ಲ ಇದರಾಗ, ಹುಲಿಗೆಮ್ಮಕ್ಕಾ,
ಆದ್ರ ಜಗ್ಗಿದ್ರ ಜಗ್ಗತೈತಿ.’
ನಲವತ್ತೆಂಟರ ನನ್ನ ಭುಜದ ಬಗ್ಗೆ
ಆಸ್ಪತ್ರೆಯ ಹುಡುಗಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಳು,
ಇಷ್ಟು ಚೆನ್ನಾಗಿ ಅಲ್ಲ.

ಅವಳು ಕೇಳಿದ್ದು: ಹನ್ನೆರಡು ವರ್ಷ ಕಾಲಿನ ಕೆಲಸವನ್ನೂ
ಈ ಹೆಗಲೇ ಮಾಡಿದೆಯಲ್ಲ, ಎಂದಾದರೂ ರಜೆ ಕೊಟ್ಟಿರಾ?
(ಹನ್ನೆರಡು ವರ್ಷದ ಹಿಂದೆ ಏನಾಯಿತೆಂದು ಕೇಳಬೇಡಿ,
ಅದು ಬೇರೆ ದಿನದ ಮಾತು.)
ಕೊಟ್ಟಿರಲಿಲ್ಲ.
ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ
ನನ್ನನ್ನು ನಾನೇ ಜೋಳದ ಚೀಲದಂತೆ ಎತ್ತಿ ಒಗೆದಿದ್ದೆ.
ಚೀಲವೂ ವರ್ಷಕ್ಕಿಷ್ಟು ತುಂಬುತ್ತ ಬಂದಿತ್ತು.
ನೋಂದಣಿ ಕಚೇರಿಯ ಮುಂದೆ ಪತ್ರ ಬರೆಯುವವಳಿಗೆ
ಒಗ್ಗರಣಿ, ಮಿರ್ಚಿ, ಮೇಲೆ ಚಹಾ
ಯಾವಾಗಲೂ ಕಕ್ಷಿದಾರರ ಖರ್ಚಿನಲ್ಲಿ.
ಮಿರ್ಚಿ ಬೇಡ ಎನ್ನಲು ಒಂದು ತಿಂಗಳು ಹಿಡಿಯಿತು.
ಒಗ್ಗರಣಿ ಬಿಟ್ಟಿಲ್ಲ. ಸುಳ್ಳು ಯಾಕೆ.

ಹಾಸಿಗೆಗೂ ಕುರ್ಚಿಗೂ ನಡುವೆ ಮೂರು ಬೆರಳಿನ ಕಂದಕ.
ಹುಡುಗಿ ತೋರಿಸಿದಳು: ತಲೆಯನ್ನು ಅತ್ತ ಬಾಗಿಸಿ,
ಸೊಂಟ ತಾನಾಗಿ ಇತ್ತ ಏಳುತ್ತದೆ.
ಏಳುತ್ತದೆ!
ತಲೆ ತಗ್ಗಿಸುವುದಕ್ಕೂ ಇಂಥದೊಂದು ಉಪಯೋಗವಿದೆಯೆಂದು
ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಮರಳು ತುಂಬಿದ ಎರಡು ಬಾಟಲಿ, ಮೊದಲು ಅರ್ಧ ಲೀಟರಿನವು,
ಯುಗಾದಿಯ ಹೊತ್ತಿಗೆ ಲೀಟರಿನವು.
ಬಿಸಿಲಿಗೆ ಗಾಲಿಯ ಕೈಬಳೆ ಅಂಗೈ ಸುಟ್ಟಾಗ
ಖಾಜಾ ಇನ್ನೊಂದು ಟ್ಯೂಬು ಸೀಳಿ ಸುತ್ತಿಕೊಟ್ಟ.
ನಡುವೆ ಎರಡು ವಾರ ಏನೂ ಮಾಡಲಿಲ್ಲ.
ಕಾರಣವಿರಲಿಲ್ಲ. ಸುಮ್ಮನೆ ಗೋಡೆ ನೋಡುತ್ತ ಬಿದ್ದಿದ್ದೆ.

ಆಮೇಲೊಂದು ಭಾನುವಾರ ಆಟೋದವನಿಗೆ ಹೇಳಿ
ಕೋಟೆಯ ಗೋಡೆಯ ಆ ಉದ್ದನೆಯ ಕಲ್ಲಿನ ಹತ್ತಿರ ಹೋದೆ.
ಶಾಲೆಯಲ್ಲಿದ್ದಾಗ ಬರಿಗಾಲಲ್ಲಿ ಓಡಿಬಂದು ನೋಡಿದ್ದು.
ಅಷ್ಟು ದೊಡ್ಡ ಬಂಡೆ ಇಲ್ಲಿಗೆ ಬಂದ ಬಗೆಯನ್ನು
ಅದರ ಮೈಮೇಲೇ ಕೆತ್ತಿದ್ದಾರೆ: ಜೋಡಿ ಜೋಡಿ ಎತ್ತು, ಬಂಡಿ.
ಅಂದು ನಾನು ಎಣಿಸಿದ್ದು ಎತ್ತು.
ಈಗ ಕಣ್ಣು ನಿಂತದ್ದು ಗಾಲಿಯ ಪಕ್ಕದ ಮಂದಿಯ ಮೇಲೆ.
ಸನ್ನೆಗೋಲು ಕೊಟ್ಟು ಬಾಗಿದ್ದಾರೆ,
ಗಾಲಿ ಒಂದು ಗೇಣು ಉರುಳಲೆಂದು,
ಏಳುನೂರು ವರ್ಷದಿಂದ.
ಅವರ ಹೆಗಲು ನೋಡಿದೆ. ಕೆತ್ತಿದವನಿಗೆ ಗೊತ್ತಿತ್ತು.

ನಮ್ಮ ಕಚೇರಿಯ ಇಳಿಜಾರು ಗುತ್ತಿಗೆದಾರನ ಕಣ್ಣಳತೆಯದು,
ಗಾಲಿಗೆ ಕಟ್ಟಿದ್ದಲ್ಲ, ಲೆಕ್ಕ ತೋರಿಸಲು ಕಟ್ಟಿದ್ದು.
ಹದಿನಾರು ತಳ್ಳು ಬೇಕು.
ಇಷ್ಟು ವರ್ಷ ಇಬ್ಬರು ಹಮಾಲರು ಏರಿಸುತ್ತಿದ್ದರು.
ಸೋಮವಾರ ಒಬ್ಬಳೇ ಹೊರಟೆ.
ಏಳು. ಎಂಟು. ಬೆವರು ಕಣ್ಣಿಗಿಳಿಯಿತು.
ಒಂಬತ್ತು. ಹತ್ತು.
ಹನ್ನೊಂದರಲ್ಲಿ ಕುರ್ಚಿ ಹೂವಾಯಿತು.

ಒಂದು ಗಳಿಗೆ ನನ್ನದೇ ಬಲವೆಂದು ನಂಬಿದ್ದೆ.
ತಿರುಗಿದರೆ, ಬಿಳಿ ಅಂಗಿ, ಕೈಯಲ್ಲಿ ಪಹಣಿಯ ಕಟ್ಟು,
ಹಿಂದಿನಿಂದ ತಳ್ಳುತ್ತಿದ್ದಾನೆ.
‘ಕೈ ತಗೀರಿ.’
‘ಪುಣ್ಯದ ಕೆಲಸ ಬಿಡ್ರೀ ಅಕ್ಕಾರ.’
‘ಪುಣ್ಯ ನಿಮಗಿರಲಿ. ಹನ್ನೊಂದು ನಂದು.’

ಅವನ ಮುಖ ಬಾಡಿತು. ನನಗೂ ಕೆಡುಕೆನಿಸಿತು.
ಆದರೂ ಗಾಲಿ ಬಿಗಿಹಿಡಿದು ಹಿಂದಕ್ಕೆ ಹಿಂದಕ್ಕೆ ಇಳಿದೆ,
ಸಾಲಿನವರು ಜಾಗ ಬಿಟ್ಟರು, ಯಾರೋ ಗಡಿಯಾರ ನೋಡಿದರು.
‘ಇವತ್ತೇ ಬೇಕಾ?’ ಹೆಗಲು ಕೇಳಿತು.
ಅಂಗೈಯಲ್ಲಿ ಇನ್ನೂ ರಬ್ಬರಿನ ವಾಸನೆ.
ಒಂದು.